ಡೇರಿಯ ಚೀಟಿ, ಕೊಟ್ಟಿಗೆಯ ಸಗಣಿ: ಎರಡರ ಲೆಕ್ಕ ಒಂದಾದರೆ ಲೀಟರಿಗೆ ಉಳಿಯುವುದೆಷ್ಟು?



ಡೇರಿಯಲ್ಲಿ ಹಾಲು ಹಾಕಿದ ಕೂಡಲೇ ಯಂತ್ರದಿಂದ ಒಂದು ಚೀಟಿ ಬರುತ್ತದೆ. ಎಷ್ಟು ಲೀಟರ್, ಎಷ್ಟು ಜಿಡ್ಡು, ಎಷ್ಟು ಎಸ್.ಎನ್.ಎಫ್., ಎಷ್ಟು ರೂಪಾಯಿ ಎಂಬುದು ಅದರಲ್ಲಿ ಅಚ್ಚಾಗಿರುತ್ತದೆ. ನಮ್ಮಲ್ಲಿ ಬಹುಮಂದಿ ರೂಪಾಯಿಯ ಸಾಲನ್ನು ಮಾತ್ರ ಓದಿ ಚೀಟಿಯನ್ನು ಮಡಿಸಿ ಇಡುತ್ತೇವೆ. ಇತ್ತ ಮನೆಯ ಹಿಂದೆ ತಿಪ್ಪೆ ಬೆಳೆಯುತ್ತಿರುತ್ತದೆ, ಗಂಜಲ ಚರಂಡಿಗೆ ಹರಿಯುತ್ತಿರುತ್ತದೆ, ಗೋದಲಿಯಲ್ಲಿ ಹಸು ಬಿಟ್ಟ ಹುಲ್ಲು ತುಳಿತಕ್ಕೆ ಸಿಕ್ಕಿ ಹಾಳಾಗುತ್ತಿರುತ್ತದೆ. ಅದಕ್ಕೆ ಚೀಟಿ ಕೊಡುವ ಯಂತ್ರ ಯಾವುದೂ ಇಲ್ಲ.

ಈಚಿನ ವರ್ಷಗಳಲ್ಲಿ ನಮ್ಮ ಹಳ್ಳಿಗಳಿಗೆ ಎರಡು ಬದಲಾವಣೆಗಳು ಒಟ್ಟಿಗೆ ಬಂದಿವೆ. ಒಂದು, ಕಂಪ್ಯೂಟರ್, ಮೊಬೈಲ್ ಮತ್ತು ಕಿವಿಯೋಲೆಯ ಬದಲಾವಣೆ. ಇದನ್ನು ಡಿಜಿಟಲ್ ಎನ್ನುತ್ತಾರೆ. ಇನ್ನೊಂದು, ಗೋಬರ್ ಅನಿಲ, ಸಾವಯವ ಗೊಬ್ಬರ, ಸೌರಶಕ್ತಿ, ನೀರು ಮತ್ತು ಮೇವಿನ ಮಿತವ್ಯಯ. ಇದನ್ನು ಹಸಿರು ಎನ್ನುತ್ತಾರೆ. ಮೊದಲನೆಯದು ಕಾರ್ಯದರ್ಶಿಯ ಕೆಲಸ, ಎರಡನೆಯದು ಸರ್ಕಾರದ ಯೋಜನೆ ಎಂದು ನಾವು ಬೇರೆ ಬೇರೆಯಾಗಿ ನೋಡುತ್ತೇವೆ. ಇವೆರಡೂ ಒಂದೇ ಹಸುವಿನ ಲೆಕ್ಕದಲ್ಲಿ ಸೇರಿದಾಗ ಮಾತ್ರ ಹೈನುಗಾರಿಕೆಯ ಉತ್ಪಾದಕತೆ ನಿಜವಾಗಿ ಹೆಚ್ಚುತ್ತದೆ. ಅದು ಹೇಗೆ ಎಂಬುದನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಉತ್ಪಾದಕರಿಗೆ ಉಪಯೋಗವಾಗುವಂತೆ ತಿಳಿಸುವುದು ಈ ಲೇಖನದ ಉದ್ದೇಶ.

ಉತ್ಪಾದಕತೆ ಎಂದರೇನು?

ಹೆಚ್ಚು ಹಾಲು ಕರೆದರೆ ಉತ್ಪಾದಕತೆ ಹೆಚ್ಚಿತು ಎಂಬ ಭಾವನೆ ಇದೆ. ಇದು ಅರ್ಧ ಸತ್ಯ. ಹತ್ತು ಲೀಟರ್ ಹಾಲಿಗಾಗಿ ಹನ್ನೆರಡು ಲೀಟರಿಗೆ ಸಾಲುವಷ್ಟು ಹಿಂಡಿ ಸುರಿದರೆ ಕ್ಯಾನು ತುಂಬುತ್ತದೆ, ಕೈ ಬರಿದಾಗುತ್ತದೆ. ಹಾಲಿನ ದರ ನಿಗದಿ ಮಾಡುವುದು ಒಬ್ಬ ಉತ್ಪಾದಕನ ಕೈಯಲ್ಲಿಲ್ಲ. ಬೂಸಾ, ಹಿಂಡಿಯ ಬೆಲೆಯೂ ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಒಂದೇ: ಒಂದು ಲೀಟರ್ ಹಾಲಿಗೆ ನಮ್ಮ ಕೊಟ್ಟಿಗೆಯಲ್ಲಿ ಆಗುವ ಖರ್ಚು.

ಒಂದು ಉದಾಹರಣೆ ನೋಡೋಣ. ಇಬ್ಬರು ನೆರೆಹೊರೆಯವರ ಬಳಿ ಒಂದೊಂದು ಮಿಶ್ರತಳಿ ಹಸು ಇದೆ ಎಂದುಕೊಳ್ಳಿ. ಮೊದಲನೆಯ ಹಸು 13 ತಿಂಗಳಿಗೊಮ್ಮೆ ಕರು ಹಾಕುತ್ತದೆ, ಒಂದು ಸೂಲಿನಲ್ಲಿ 3,000 ಲೀಟರ್ ಕೊಡುತ್ತದೆ. ಎರಡನೆಯದು 18 ತಿಂಗಳಿಗೊಮ್ಮೆ ಕರು ಹಾಕುತ್ತದೆ, ಕರೆಯುವ ದಿನಗಳು ಉದ್ದವಾದ್ದರಿಂದ 3,300 ಲೀಟರ್ ಕೊಡುತ್ತದೆ. ಮೇಲ್ನೋಟಕ್ಕೆ ಎರಡನೆಯ ಹಸುವೇ ಮೇಲು. ಆದರೆ ಬತ್ತಿದ ದಿನಗಳನ್ನೂ ಸೇರಿಸಿ ಹಂಚಿ ನೋಡಿದರೆ ಮೊದಲನೆಯದರಿಂದ ದಿನಕ್ಕೆ 7.6 ಲೀಟರ್, ಎರಡನೆಯದರಿಂದ ಸುಮಾರು 6 ಲೀಟರ್ ಮಾತ್ರ. ಮೇವಿನ ಸರಾಸರಿ ಖರ್ಚು ಮೊದಲನೆಯದಕ್ಕೆ ದಿನಕ್ಕೆ 170 ರೂಪಾಯಿ, ಎರಡನೆಯದಕ್ಕೆ 150 ರೂಪಾಯಿ ಎಂದಿಟ್ಟುಕೊಂಡರೆ, ಲೀಟರಿಗೆ ಮೇವಿನ ಖರ್ಚು ಮೊದಲನೆಯದರಲ್ಲಿ 22 ರೂ. 40 ಪೈಸೆ, ಎರಡನೆಯದರಲ್ಲಿ 24 ರೂ. 90 ಪೈಸೆ ಬೀಳುತ್ತದೆ. ಲೀಟರಿಗೆ ಎರಡೂವರೆ ರೂಪಾಯಿ ವ್ಯತ್ಯಾಸ. ಈ ವ್ಯತ್ಯಾಸ ಡೇರಿಯ ಚೀಟಿಯಲ್ಲಿ ಕಾಣುವುದಿಲ್ಲ. ಕರು ಹಾಕಿದ ದಿನ, ಹೋರಿ ಕೊಡಿಸಿದ ದಿನ, ಮೇವಿನ ತೂಕ ಇವುಗಳನ್ನು ಬರೆದಿಟ್ಟವರಿಗೆ ಮಾತ್ರ ಕಾಣುತ್ತದೆ.

ದನದ ಲೆಕ್ಕ ನಮ್ಮ ಸೀಮೆಗೆ ಹೊಸದಲ್ಲ

ದನಕ್ಕೆ ನಂಬರ್ ಹಾಕುವುದು, ದಾಖಲೆ ಇಡುವುದು ಹೊರಗಿನಿಂದ ಬಂದ ಪದ್ಧತಿ ಎಂದು ಕೆಲವರು ಮೂಗು ಮುರಿಯುವುದುಂಟು. ಮೈಸೂರಿನ ಅರಸರಾದ ಚಿಕ್ಕದೇವರಾಜ ಒಡೆಯರು (1673-1704) ಶ್ರೀರಂಗಪಟ್ಟಣದಿಂದ ಆಳುತ್ತಿದ್ದಾಗಲೇ ಅರಮನೆಯ ದನಗಳಿಗಾಗಿ ಬೆಣ್ಣೆ ಚಾವಡಿ ಎಂಬ ಪ್ರತ್ಯೇಕ ಇಲಾಖೆ ಇತ್ತು. ಟಿಪ್ಪು ಸುಲ್ತಾನನ ಕಾಲದಲ್ಲಿ ಅದಕ್ಕೆ ಅಮೃತ ಮಹಲ್ ಎಂಬ ಹೆಸರು ಬಂತು. ದನಗಳ ಪಾಲನೆಗೆ ಹುಕುಂನಾಮೆ ಹೊರಡಿಸಿ, ವರ್ಷಕ್ಕೊಮ್ಮೆ ಮಂದೆಗಳನ್ನು ಕೂಡಿಸಿ ತಲೆ ಎಣಿಸುವ ಪದ್ಧತಿಯೂ ನಡೆಯಿತು. ಲೆಕ್ಕವಿಲ್ಲದೆ ಮಂದೆ ಉಳಿಯುವುದಿಲ್ಲ ಎಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಹಳ್ಳಿಕಾರ್ ತಳಿಯನ್ನು ಸಾಕಿ ಬೆಳೆಸಿದ ಸೀಮೆಯವರಾದ ನಮಗೆ ಈ ಮಾತು ಹೊಸದಾಗಬಾರದು.

ಸಹಕಾರಿ ಹೈನುಗಾರಿಕೆಯೂ ಲೆಕ್ಕದ ನಂಬಿಕೆಯ ಮೇಲೆಯೇ ನಿಂತಿದೆ. 1946ರಲ್ಲಿ ಗುಜರಾತಿನ ಆನಂದದಲ್ಲಿ ಖೇಡಾ ಜಿಲ್ಲೆಯ ರೈತರು ಒಕ್ಕೂಟ ಕಟ್ಟಿದ್ದು, ಹಾಲಿನ ಅಳತೆ ಮತ್ತು ಬೆಲೆ ವ್ಯಾಪಾರಿಯ ಇಷ್ಟದಂತೆ ನಡೆಯಬಾರದು ಎಂಬ ಕಾರಣಕ್ಕೆ. ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನೊಡನೆ ಹೈನುಗಾರಿಕೆ ಅಭಿವೃದ್ಧಿ ನಿಗಮ ಆರಂಭವಾಗಿ, 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಳವಾಯಿತು. ನಮ್ಮ ಜಿಲ್ಲೆಯ ಹಾಲು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆ ಡೇರಿಗೆ ಸೇರುತ್ತಿದೆ. ಹಳ್ಳಿಯ ಸಂಘದಲ್ಲಿ ಬರೆದ ಅಂಕಿ ಸರಿಯಾಗಿದ್ದರೆ ಮಾತ್ರ ಮೇಲಿನ ಎಲ್ಲ ಅಂಕಿಗಳೂ ಸರಿ.

ಯಂತ್ರ ತಂದ ಬದಲಾವಣೆ

ಹಿಂದೆ ಸಂಘಗಳಲ್ಲಿ ಜಿಡ್ಡಿನ ಪರೀಕ್ಷೆಗೆ ಗರ್ಬರ್ ವಿಧಾನ ಬಳಸುತ್ತಿದ್ದೆವು. ಒಂದು ಮಾದರಿಗೆ 10.75 ಮಿ.ಲೀ. ಹಾಲು, 10 ಮಿ.ಲೀ. ಗಂಧಕಾಮ್ಲ, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಬೇಕಾಗುತ್ತಿತ್ತು. ಇನ್ನೂರು ಮಾದರಿ ಪರೀಕ್ಷಿಸಿದರೆ ಎರಡು ಲೀಟರ್ ಆಮ್ಲ ಖರ್ಚು. ಪರೀಕ್ಷಕರ ಕೈ ಸುಡುವ ಭಯ ಒಂದು ಕಡೆ, ಬಳಸಿದ ಆಮ್ಲವನ್ನು ಎಲ್ಲಿ ಚೆಲ್ಲುವುದು ಎಂಬ ಚಿಂತೆ ಇನ್ನೊಂದು ಕಡೆ. 1990ರ ದಶಕದ ಉತ್ತರಾರ್ಧದಲ್ಲಿ ಖೇಡಾ ಜಿಲ್ಲೆಯ ಸಂಘಗಳಲ್ಲಿ ತೂಕ, ಪರೀಕ್ಷೆ ಮತ್ತು ಬಿಲ್ಲು ಒಟ್ಟಿಗೆ ಮಾಡುವ ಸ್ವಯಂಚಾಲಿತ ಹಾಲು ಸಂಗ್ರಹಣಾ ಘಟಕಗಳು ಬಂದವು. ಅನಂತರ ದೇಶದ ಬೇರೆ ಭಾಗಗಳಿಗೂ, ನಮ್ಮ ಸಂಘಗಳಿಗೂ ಹರಡಿದವು. ಶಬ್ದತರಂಗದಿಂದ ಹಾಲು ಪರೀಕ್ಷಿಸುವ ಯಂತ್ರಕ್ಕೆ ಈ ಆಮ್ಲವೇ ಬೇಡ. ಲೆಕ್ಕ ಚೊಕ್ಕವಾದಾಗ ಚರಂಡಿಯೂ ಚೊಕ್ಕವಾಯಿತು. ಡಿಜಿಟಲ್ ಮತ್ತು ಹಸಿರು ಎರಡೂ ಕೂಡಿ ಬರುವುದು ಎಂದರೆ ಇದೇ.

ಬಟವಾಡೆಯಲ್ಲೂ ಬದಲಾವಣೆ ಆಗಿದೆ. 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭವಾದ ರಾಜ್ಯ ಸರ್ಕಾರದ ಪ್ರೋತ್ಸಾಹಧನ ಈಗ ಉತ್ಪಾದಕರ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುತ್ತದೆ. ರಾಸುಗಳ ಕಿವಿಯಲ್ಲಿ 12 ಅಂಕಿಯ ಹಳದಿ ಓಲೆ ಇದೆ. ಆ ಸಂಖ್ಯೆಯ ಕೆಳಗೆ ಲಸಿಕೆ, ಕೃತಕ ಗರ್ಭಧಾರಣೆ ಮತ್ತು ಚಿಕಿತ್ಸೆಯ ವಿವರ 'ಭಾರತ್ ಪಶುಧನ್' ಎಂಬ ರಾಷ್ಟ್ರೀಯ ದಾಖಲೆಗೆ ಸೇರುತ್ತದೆ. 2013ರ ಕಾಲುಬಾಯಿ ಜ್ವರದಲ್ಲಿ ನಮ್ಮ ದಕ್ಷಿಣ ಜಿಲ್ಲೆಗಳ ಕೊಟ್ಟಿಗೆಗಳು ಬರಿದಾದದ್ದನ್ನು ಯಾರೂ ಮರೆತಿಲ್ಲ. ಯಾವ ರಾಸಿಗೆ ಲಸಿಕೆ ಆಗಿದೆ, ಯಾವುದಕ್ಕೆ ತಪ್ಪಿದೆ ಎಂಬುದು ತಿಳಿಯದಿದ್ದರೆ ಊರಿಗೇ ಅಪಾಯ. ಆದ್ದರಿಂದ ಓಲೆ ಬಿದ್ದುಹೋದರೆ ಸುಮ್ಮನಿರಬೇಡಿ, ಮತ್ತೆ ಹಾಕಿಸಿ.

ಇಷ್ಟಾದರೂ ಒಂದು ಮಾತು ನೆನಪಿರಲಿ. ಡೇರಿಯ ಯಂತ್ರ ಅಳೆಯುವುದು ಕ್ಯಾನಿನ ಹಾಲನ್ನು. ಮೂರು ಹಸುಗಳ ಹಾಲು ಬೆರೆತು ಬಂದರೆ ಯಾವ ಹಸು ಮನೆ ನಡೆಸುತ್ತಿದೆ, ಯಾವುದು ಮನೆಯನ್ನು ತಿನ್ನುತ್ತಿದೆ ಎಂಬುದು ಚೀಟಿಗೆ ಗೊತ್ತಾಗುವುದಿಲ್ಲ. ಒಂದೊಂದು ಹಸುವನ್ನೂ ಅಳೆಯಬೇಕಾದವರು ನೀವೇ. ತಿಂಗಳಿಗೆ ಒಂದು ದಿನ, ಎರಡೂ ಹೊತ್ತು, ಪ್ರತಿ ಹಸುವಿನ ಹಾಲನ್ನು ಬೇರೆ ಬೇರೆ ಅಳೆದು ಓಲೆಯ ಕೊನೆಯ ನಾಲ್ಕು ಅಂಕಿಯ ಮುಂದೆ ಬರೆದಿಡಿ.

ಚೀಟಿಯನ್ನು ಗೋದಲಿಗೆ ಜೋಡಿಸಿ

ಚೀಟಿಯ ಎರಡು ಅಂಕಿಗಳು ಗೋದಲಿಯ ಸಮಾಚಾರ ಹೇಳುತ್ತವೆ. ಜಿಡ್ಡು ಕೆಲವು ದಿನ ಸತತವಾಗಿ ಇಳಿದರೆ ನಾರಿನ ಮೇವು ಕಡಿಮೆಯಾಗಿ ಹಿಂಡಿ ಹೆಚ್ಚಾಗಿರಬಹುದು. ಎಸ್.ಎನ್.ಎಫ್. ಇಳಿದರೆ ಹಸುವಿಗೆ ಶಕ್ತಿಯ ಆಹಾರ ಸಾಲದಿರಬಹುದು, ಬಿಸಿಲಿನ ಬೇಗೆ ತಟ್ಟಿರಬಹುದು ಅಥವಾ ಹೊರಗೆ ಕಾಣದ ಕೆಚ್ಚಲು ಬಾವು ಒಳಗೇ ಇರಬಹುದು. ಹೀಗೆ ಇಳಿದಾಗ ಯಂತ್ರದ ಮೇಲೆ ಸಂಶಯ ಪಡುವುದು ಸಹಜ. ಕಾರ್ಯದರ್ಶಿಯವರನ್ನು ಕೇಳಿ ಮರುಪರೀಕ್ಷೆ ಮಾಡಿಸಿ, ಅದು ನಿಮ್ಮ ಹಕ್ಕು. ಯಂತ್ರ ಸರಿಯಿದೆ ಎಂದು ತಿಳಿದರೆ ಗೋದಲಿಯ ಕಡೆ ತಿರುಗಿ ನೋಡಿ.

ಮೇವಿನ ವಿಷಯದಲ್ಲಿ ನಮ್ಮ ನಾಲ್ಕು ತಾಲ್ಲೂಕು ಒಂದೇ ತೆರನಲ್ಲ. ಶ್ರೀರಂಗಪಟ್ಟಣ ಮತ್ತು ಪಾಂಡವಪುರದ ನಾಲೆ ಬಯಲಿನಲ್ಲಿ ಭತ್ತದ ಹುಲ್ಲು ಮತ್ತು ಕಬ್ಬಿನ ಸೋಗೆ ಧಾರಾಳ. ಹೊಟ್ಟೆ ತುಂಬುತ್ತದೆ, ಆದರೆ ಇವೆರಡರಲ್ಲೂ ಇರುವ ಆಕ್ಸಲೇಟ್ ಎಂಬ ಅಂಶ ಸುಣ್ಣದ ಸತ್ವವನ್ನು ಹಿಡಿದಿಟ್ಟುಕೊಳ್ಳುವುದರಿಂದ ಖನಿಜ ಮಿಶ್ರಣ ಕೊಡದಿದ್ದರೆ ಹಸು ಒಳಗೊಳಗೇ ಸೊರಗುತ್ತದೆ, ಬೆದೆಗೂ ಸರಿಯಾಗಿ ಬರುವುದಿಲ್ಲ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ತಪ್ಪಿಸಬಾರದು. ನಾಗಮಂಗಲ ಮತ್ತು ಕೆ.ಆರ್. ಪೇಟೆಯ ಮಳೆಯಾಶ್ರಿತ ಭಾಗಗಳಲ್ಲಿ ರಾಗಿ ಹುಲ್ಲು ಇದೆ, ಹುರುಳಿ ಹೊಟ್ಟು ಇದೆ. ಗುಣದಲ್ಲಿ ರಾಗಿ ಹುಲ್ಲು ಭತ್ತದ ಹುಲ್ಲಿಗಿಂತ ಮೇಲು. ಅಲ್ಲಿ ಕೊರತೆ ಇರುವುದು ಹಸಿರಿನದು. ಬದುಗಳ ಮೇಲೆ ಅಗಸೆ, ಸುಬಾಬುಲ್, ನುಗ್ಗೆ ಹಾಕಿದರೆ ಕೊಳವೆ ಬಾವಿಯ ನೀರು ಹೆಚ್ಚು ಕೇಳದೆ ಸಸಾರಜನಕ ಇರುವ ಸೊಪ್ಪು ಸಿಗುತ್ತದೆ, ಹಿಂಡಿಯ ಖರ್ಚು ಅಷ್ಟು ಇಳಿಯುತ್ತದೆ.

ಎಲ್ಲ ಕಡೆಗೂ ಅನ್ವಯಿಸುವ ಮಾತು: ಮೇವನ್ನು ಕತ್ತರಿಸಿ ಹಾಕಿ. ಉದ್ದ ಹುಲ್ಲು ಹಾಕಿದಾಗ ಹಸು ಆಯ್ದು ತಿಂದು ಉಳಿದದ್ದನ್ನು ತುಳಿದು ಹಾಕುತ್ತದೆ. ಪಶು ಆಹಾರವನ್ನು ಕಣ್ಣಳತೆಯಲ್ಲಿ ಸುರಿಯಬೇಡಿ. ದೇಹ ಪೋಷಣೆಗೆ ಒಂದೂವರೆಯಿಂದ ಎರಡು ಕೆ.ಜಿ., ಅದರ ಮೇಲೆ ಪ್ರತಿ ಲೀಟರ್ ಹಾಲಿಗೆ 400ರಿಂದ 500 ಗ್ರಾಂ ಎಂಬುದು ಸಾಮಾನ್ಯ ಲೆಕ್ಕ. ಹಸಿರು ಮೇವು ಚೆನ್ನಾಗಿದ್ದರೆ ಇದನ್ನೂ ಇಳಿಸಬಹುದು. ಎಂಟು ಲೀಟರಿನ ಹಸುವಿಗೂ ನಾಲ್ಕು ಲೀಟರಿನ ಹಸುವಿಗೂ ಒಂದೇ ಬುಟ್ಟಿ ಹಾಕುವ ಮನೆಯಲ್ಲಿ ಮೊದಲನೆಯದು ಹಸಿದಿರುತ್ತದೆ, ಎರಡನೆಯದು ಕೊಬ್ಬುತ್ತದೆ. ಇಲ್ಲಿ ತಿಂಗಳ ಅಳತೆಯ ಪುಸ್ತಕ ಕೆಲಸಕ್ಕೆ ಬರುತ್ತದೆ.

ಬಾಯಿಂದ ಹೋಗುವ ಅನಿಲ ನಿಮ್ಮದೇ ಹಿಂಡಿ

ಹಸು ಮೆಲುಕು ಹಾಕುವಾಗ ಅದರ ಹೊಟ್ಟೆಯ ಸೂಕ್ಷ್ಮಜೀವಿಗಳು ಮಿಥೇನ್ ಎಂಬ ಅನಿಲವನ್ನು ತಯಾರಿಸುತ್ತವೆ. ಅದು ತೇಗಿನ ಮೂಲಕ ಹೊರಗೆ ಹೋಗುತ್ತದೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇದು ಇಂಗಾಲದ ಡೈ ಆಕ್ಸೈಡಿಗಿಂತ ಬಹಳ ತೀಕ್ಷ್ಣ. ಡೆನ್ಮಾರ್ಕ್ ದೇಶ 2030ರಿಂದ ಜಾನುವಾರುಗಳ ಅನಿಲಕ್ಕೆ ತೆರಿಗೆ ಹಾಕಲು 2024ರಲ್ಲಿ ತೀರ್ಮಾನಿಸಿದೆ. ಎರಡು ಮೂರು ಹಸು ಸಾಕುವ ನಮಗೆ ಆ ತೆರಿಗೆಯ ಮಾತು ದೂರದ್ದು. ಹತ್ತಿರದ ಮಾತು ಬೇರೆ ಇದೆ. ಹಸು ತಿಂದ ಮೇವಿನ ಶಕ್ತಿಯಲ್ಲಿ ನೂರಕ್ಕೆ 2ರಿಂದ 12 ಭಾಗ ಹೀಗೆ ಅನಿಲವಾಗಿ ವ್ಯರ್ಥವಾಗುತ್ತದೆ ಎಂದು ಪಶು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಒರಟು, ಸತ್ವವಿಲ್ಲದ ಮೇವು ಹೆಚ್ಚಾದಷ್ಟೂ ಲೀಟರ್ ಹಾಲಿಗೆ ಆಗುವ ಅನಿಲದ ನಷ್ಟ ಹೆಚ್ಚು. ಅಂದರೆ ನೀವು ದುಡ್ಡು ಕೊಟ್ಟು ತಂದ ಮೇವಿನ ಒಂದು ಪಾಲು ಹಾಲಾಗುವ ಬದಲು ಗಾಳಿಯಾಗುತ್ತಿದೆ.

ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿಯು ಸಮತೋಲನ ಪಶು ಆಹಾರ ಕಾರ್ಯಕ್ರಮವನ್ನು ಹಲವು ರಾಜ್ಯಗಳ ಹಳ್ಳಿಗಳಲ್ಲಿ ನಡೆಸಿತು. ಊರಿನದೇ ಒಬ್ಬ ತರಬೇತಿ ಪಡೆದ ವ್ಯಕ್ತಿ ಮನೆಗೆ ಬಂದು, ಓಲೆಯ ಸಂಖ್ಯೆ, ಹಸುವಿನ ತೂಕ, ಹಾಲಿನ ಪ್ರಮಾಣ ಮತ್ತು ಮನೆಯಲ್ಲಿರುವ ಮೇವಿನ ವಿವರವನ್ನು ಕಂಪ್ಯೂಟರಿಗೆ ಕೊಟ್ಟರೆ, ಇರುವ ಮೇವಿನಲ್ಲೇ ಕಡಿಮೆ ಖರ್ಚಿನ ಮಿಶ್ರಣ ಯಾವುದು ಎಂದು ಅದು ಹೇಳುತ್ತಿತ್ತು. ಈ ಕ್ರಮದಲ್ಲಿ ಮೇವಿನ ಖರ್ಚು ಇಳಿದದ್ದು, ಹಾಲು ಸ್ವಲ್ಪ ಏರಿದ್ದು ಮತ್ತು ಪ್ರತಿ ಕೆ.ಜಿ. ಹಾಲಿಗೆ ಹೊರಬೀಳುವ ಮಿಥೇನ್ ಶೇಕಡ 10ಕ್ಕಿಂತ ಹೆಚ್ಚು ಕಡಿಮೆಯಾದದ್ದು ಒಟ್ಟಿಗೆ ಕಂಡುಬಂದವು. ಗಮನಿಸಿ: ಕಂಪ್ಯೂಟರ್ ಒಂದೇ ಇದ್ದು ಸರಿಯಾದ ಮೇವಿಲ್ಲದಿದ್ದರೆ ಈ ಫಲ ಇಲ್ಲ. ಮೇವಿದ್ದು ಲೆಕ್ಕವಿಲ್ಲದಿದ್ದರೂ ಇಲ್ಲ.

ಕ್ಯಾಲೆಂಡರಿನ 21 ದಿನ

ಹಸು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಒಂದು ಬೆದೆ ಕಣ್ಣು ತಪ್ಪಿದರೆ ಮುಂದಿನ ಕರುವೂ ಅದರ ಹಾಲೂ 21 ದಿನ ಹಿಂದಕ್ಕೆ ಹೋಗುತ್ತವೆ. ಆ ದಿನಗಳಲ್ಲಿ ಹಸು ಮೇವು ತಿನ್ನುವುದನ್ನು ನಿಲ್ಲಿಸುವುದಿಲ್ಲ, ನೀರು ಕುಡಿಯುವುದನ್ನೂ ನಿಲ್ಲಿಸುವುದಿಲ್ಲ. ಖರ್ಚಿನ ದೃಷ್ಟಿಯಿಂದಲೂ ಪರಿಸರದ ದೃಷ್ಟಿಯಿಂದಲೂ ಗಬ್ಬವಿಲ್ಲದೆ, ಹಾಲಿಲ್ಲದೆ ನಿಂತ ಹಸುವಿಗಿಂತ ದುಬಾರಿ ಬೇರೊಂದಿಲ್ಲ.

ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೆಯ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಿ. ಮೊಬೈಲಿನಲ್ಲಿ 21ನೆಯ ದಿನಕ್ಕೆ ಅಲಾರಂ ಇಡಿ. ಇದಕ್ಕೆ ದೊಡ್ಡ ಫೋನ್ ಬೇಕಿಲ್ಲ, ಬಟನ್ ಫೋನ್ ಸಾಕು, ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗುರುತೂ ಸಾಕು. ಮತ್ತೆ ಬೆದೆಗೆ ಬರಲಿಲ್ಲವೆಂದು ಗಬ್ಬ ಕಟ್ಟಿದೆ ಎಂದೇ ನಂಬಬೇಡಿ. ಮೂರು ತಿಂಗಳಿಗೆ ವೈದ್ಯರಿಂದ ಪರೀಕ್ಷೆ ಮಾಡಿಸಿ. ಕರು ಹಾಕುವ 60 ದಿನ ಮೊದಲು ಹಾಲು ಬತ್ತಿಸಿ. ಹಸು ಕಾಯಿಲೆ ಬಿದ್ದಾಗ 1962 ಸಂಖ್ಯೆಗೆ ಕರೆ ಮಾಡಿದರೆ ಪಶು ಚಿಕಿತ್ಸಾ ವಾಹನದ ನೆರವು ಸಿಗುತ್ತದೆ.

ಸಗಣಿ: ಎರಡನೆಯ ಉತ್ಪನ್ನ

ಹಾಲು ದಿನಕ್ಕೆ ಎರಡು ಸಲ ಮಾತ್ರ. ಸಗಣಿ ಇಡೀ ದಿನದ ಉತ್ಪನ್ನ. ಬಿಸಿಲು ಮಳೆಗೆ ಬಿಟ್ಟ ತಿಪ್ಪೆಯಿಂದ ಸಾರಜನಕ ಗಾಳಿಗೆ ಹೋಗುತ್ತದೆ, ಉಳಿದ ಸಾರ ಮಳೆ ನೀರಿನಲ್ಲಿ ಕೊಚ್ಚಿಹೋಗುತ್ತದೆ. ಹೋದ ಸಾರವನ್ನು ನಾವು ಯೂರಿಯಾ ಮೂಟೆಯ ರೂಪದಲ್ಲಿ ಮತ್ತೆ ಕೊಳ್ಳುತ್ತೇವೆ.

ಗೋಬರ್ ಅನಿಲದ ಲೆಕ್ಕ ಸರಳ. ಸುಮಾರು 25 ಕೆ.ಜಿ. ಹಸಿ ಸಗಣಿಗೆ ಅಷ್ಟೇ ನೀರು ಬೆರೆಸಿ ಹಾಕಿದರೆ ದಿನಕ್ಕೆ 1 ಘನ ಮೀಟರ್ ಅನಿಲ ಸಿಗುತ್ತದೆ. ಇದು ಸುಮಾರು 430 ಗ್ರಾಂ ಅಡುಗೆ ಅನಿಲಕ್ಕೆ ಸಮ. ಮನೆಗೆ ಬರುವ ಸಿಲಿಂಡರಿನಲ್ಲಿ 14.2 ಕೆ.ಜಿ. ಇರುತ್ತದೆ. ಅಂದರೆ ಎರಡು ಮಿಶ್ರತಳಿ ಹಸುಗಳ ಸಗಣಿ ಪೂರ್ತಿ ಸಿಕ್ಕಿ ಘಟಕ ಚೆನ್ನಾಗಿ ನಡೆದರೆ 33 ದಿನಕ್ಕೆ ಒಂದು ಸಿಲಿಂಡರಿನಷ್ಟು ಅನಿಲ. ಚಳಿಗಾಲದಲ್ಲಿ ಇದು ಕಡಿಮೆಯಾಗುತ್ತದೆ. ಅನಿಲ ತೆಗೆದ ಮೇಲೂ ಬಗ್ಗಡದಲ್ಲಿ ಗೊಬ್ಬರದ ಸತ್ವ ಉಳಿದಿರುತ್ತದೆ. ಅದನ್ನು ನೇಪಿಯರ್ ಹುಲ್ಲಿಗೆ ಹಾಯಿಸಿದರೆ ಹಸುವಿನಿಂದ ಬಂದದ್ದು ಹಸುವಿಗೇ ಮರಳುತ್ತದೆ. ಗುಜರಾತಿನ ಆನಂದ ಜಿಲ್ಲೆಯ ಮುಜ್‌ಕುವಾ ಮತ್ತು ಜಕಾರಿಯಾಪುರ ಹಳ್ಳಿಗಳಲ್ಲಿ ಹಾಲು ಉತ್ಪಾದಕ ಮಹಿಳೆಯರು ಮನೆ ಮನೆಯಲ್ಲಿ ಸಣ್ಣ ಘಟಕ ಹಾಕಿಸಿಕೊಂಡು, ತಮಗೆ ಬೇಕಾದಷ್ಟು ಬಳಸಿ ಉಳಿದ ಬಗ್ಗಡವನ್ನು ಮಾರುತ್ತಿದ್ದಾರೆ. ಹಾಲಿನಂತೆ ಬಗ್ಗಡವನ್ನೂ ಅಳೆದು, ಗುಣ ನೋಡಿ, ಲೆಕ್ಕ ಬರೆದು ಹಣ ಕೊಡುವುದರಿಂದಲೇ ಅದು ಸಾಧ್ಯವಾಯಿತು. ಅಳತೆ ಇಲ್ಲದಿದ್ದಾಗ ಅದೇ ಸಗಣಿ ಬರೀ ತಿಪ್ಪೆಯಾಗಿತ್ತು.

ಕಬ್ಬಿನ ಗದ್ದೆಯ ತರಗಿಗೆ, ಭತ್ತದ ಕೂಳೆಗೆ ಬೆಂಕಿ ಇಡುವ ಅಭ್ಯಾಸವನ್ನೂ ಬಿಡಬೇಕು. ಯಂತ್ರದಿಂದ ಕೊಯ್ದ ಗದ್ದೆಯ ಹುಲ್ಲನ್ನು ಪೆಂಡಿ ಕಟ್ಟಿಸಿ ಇಟ್ಟುಕೊಂಡವರಿಗೆ ಅದರ ಬೆಲೆ ಗೊತ್ತು. 2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿ ಕಟ್ಟೆ ತುಂಬದೆ ಹೋದಾಗ ನಾಲೆ ಬಯಲಿನವರೂ ಹುಲ್ಲಿನ ಚಿಂತೆ ಮಾಡಬೇಕಾಯಿತು. ನೀರಿರುವ ಕಾಲದಲ್ಲಿ ಮುಸುಕಿನ ಜೋಳವನ್ನು ಕಾಳು ಹಾಲುಗಟ್ಟಿ ಗಟ್ಟಿಯಾಗುವ ಹದದಲ್ಲಿ ಕತ್ತರಿಸಿ, ಗಾಳಿ ಹೋಗದಂತೆ ಚೀಲ ಅಥವಾ ಡ್ರಮ್ಮಿನಲ್ಲಿ ತುಳಿದು ಮುಚ್ಚಿದರೆ ಸುಮಾರು 45 ದಿನಕ್ಕೆ ರಸಮೇವು ಸಿದ್ಧ.

ಸಂಘದ ಮಟ್ಟದಲ್ಲಿ

ಹಾಲು ಕರೆದ ಬಿಸಿಯಲ್ಲಿ ಬ್ಯಾಕ್ಟೀರಿಯಾ ಅರ್ಧ ಗಂಟೆಯೊಳಗೆ ದುಪ್ಪಟ್ಟಾಗುತ್ತವೆ. ಸಂಘದ ಬಿ.ಎಂ.ಸಿ.ಯಲ್ಲಿ 4 ಡಿಗ್ರಿಗೆ ತಣಿಸಿದರೆ ಅವುಗಳ ಬೆಳವಣಿಗೆ ಬಹುಪಾಲು ನಿಲ್ಲುತ್ತದೆ. ಹುಳಿಯಾದ ಒಂದು ಕ್ಯಾನು ಹಾಲೆಂದರೆ ಅದಕ್ಕೆ ತಗುಲಿದ ಹಿಂಡಿ, ನೀರು, ವಿದ್ಯುತ್ತು, ದುಡಿಮೆ ಎಲ್ಲವೂ ಚರಂಡಿಗೆ ಹೋದಂತೆ. ಕೆಡದೆ ಉಳಿದ ಲೀಟರ್ ಹಾಲು ಹೊಸದಾಗಿ ಕರೆದ ಲೀಟರಿಗಿಂತ ಅಗ್ಗ.

ಬಿ.ಎಂ.ಸಿ. ಇರುವ ಸಂಘಗಳು ದಿನಕ್ಕೆ ಎಷ್ಟು ಯೂನಿಟ್ ವಿದ್ಯುತ್ತು, ಎಷ್ಟು ಲೀಟರ್ ಡೀಸೆಲ್, ಎಷ್ಟು ಲೀಟರ್ ಹಾಲು ಎಂಬುದನ್ನು ಒಂದೇ ಪುಟದಲ್ಲಿ ಬರೆಯಲಿ. ಹಾಲಿನ ಪ್ರಮಾಣ ಅಷ್ಟೇ ಇದ್ದು ಯೂನಿಟ್ ಏರುತ್ತಿದ್ದರೆ ಯಂತ್ರದ ಕಂಡೆನ್ಸರಿನಲ್ಲಿ ಧೂಳು ಕೂತಿರಬಹುದು, ಅನಿಲ ಸೋರುತ್ತಿರಬಹುದು. ಸೌರ ಫಲಕ ಹಾಕಿಸಬೇಕೆಂದರೂ ಮೊದಲು ಈ ಲೆಕ್ಕ ಬೇಕು. ಹಗಲಿನ ಖರ್ಚೆಷ್ಟು, ರಾತ್ರಿಯ ಖರ್ಚೆಷ್ಟು ಎಂದು ತಿಳಿಯದೆ ಹಾಕಿಸಿದ ಫಲಕ ಅಲಂಕಾರಕ್ಕೆ ಆದೀತು.

ಎಚ್ಚರ ವಹಿಸಬೇಕಾದ ವಿಷಯಗಳು

ಯಂತ್ರವಾಗಲಿ ಹಸಿರು ಘಟಕವಾಗಲಿ ಮೊದಲ ವರ್ಷ ಖರ್ಚು ತರುತ್ತದೆ, ಲಾಭ ನಿಧಾನವಾಗಿ ಬರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಒಂದು ಹಸು ಇರುವವರು ದೊಡ್ಡ ಗೋಬರ್ ಘಟಕಕ್ಕೆ ಸಾಲ ಮಾಡಬಾರದು. ಸಗಣಿ ಸಾಲದೆ ಘಟಕ ಹಸಿದು ನಿಲ್ಲುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ. ಅಂಥವರಿಗೆ ಚಪ್ಪರದ ನೆರಳಿನ ಗೊಬ್ಬರದ ಗುಂಡಿ, ಮೇವು ಕತ್ತರಿಸುವ ಕತ್ತಿ, ಒಂದು ನೋಟ್ ಪುಸ್ತಕ ಸಾಕು.

ಹಸು ನೋಡಿಕೊಳ್ಳುವವರು ಹೆಚ್ಚಾಗಿ ಮನೆಯ ಹೆಂಗಸರು. ಬೆದೆ ಮೊದಲು ಕಾಣುವುದೂ ಅವರಿಗೇ. ಆದರೆ ಸದಸ್ಯತ್ವ, ಬ್ಯಾಂಕ್ ಖಾತೆ, ಮೊಬೈಲ್ ಮೂರೂ ಗಂಡಸರ ಹೆಸರಿನಲ್ಲಿದ್ದರೆ ಸಮಾಚಾರ ಒಬ್ಬರಿಗೆ, ಕೆಲಸ ಇನ್ನೊಬ್ಬರಿಗೆ ಎಂದಾಗುತ್ತದೆ. ಇದು ಸರಿಯಾಗದೆ ಯಾವ ಯಂತ್ರವೂ ಉತ್ಪಾದಕತೆ ಹೆಚ್ಚಿಸಲಾರದು. ಮನೆಯವರ ಹೆಸರಿನಲ್ಲಿ ಸದಸ್ಯತ್ವ ಮಾಡಿಸಿ, ಮೊಬೈಲಿಗೆ ಬರುವ ಹಾಲಿನ ವಿವರವನ್ನು ಅವರಿಗೂ ಓದಿ ಹೇಳಿ.

ಪ್ರೋತ್ಸಾಹಧನ ಬಂದಿದೆ, ಓ.ಟಿ.ಪಿ. ಹೇಳಿ ಎಂದು ಯಾರೇ ಕರೆ ಮಾಡಿದರೂ ಹೇಳಬೇಡಿ. ಬ್ಯಾಂಕಿನವರಾಗಲಿ ಸಂಘದವರಾಗಲಿ ಅದನ್ನು ಕೇಳುವುದಿಲ್ಲ. ವಿದ್ಯುತ್ತು ಹೋಗಿ ಯಂತ್ರ ನಿಂತ ದಿನ ಕೈಬರಹದ ಲೆಕ್ಕಕ್ಕೆ ಸಹಿ ಮಾಡಿಸಿಕೊಳ್ಳಿ. ಹಾಲು ಪರೀಕ್ಷಾ ಯಂತ್ರವನ್ನು ನಿಯಮಿತವಾಗಿ ಸರಿಹೊಂದಿಸಿದ ದಿನಾಂಕವನ್ನು ಸಂಘದ ಫಲಕದಲ್ಲಿ ಬರೆಸುವಂತೆ ಸರ್ವ ಸದಸ್ಯರ ಸಭೆಯಲ್ಲಿ ಕೇಳಿ. ತೋರಿಸದ ಲೆಕ್ಕ ಕಂಪ್ಯೂಟರಿನಲ್ಲಿದ್ದರೂ ಬಚ್ಚಿಟ್ಟ ಲೆಕ್ಕವೇ.

ಈ ತಿಂಗಳಿನಿಂದಲೇ ಮಾಡಬಹುದಾದದ್ದು

1. ಪ್ರತಿ ರಾಸಿಗೂ ಒಂದು ಪುಟ ತೆರೆಯಿರಿ. ಓಲೆಯ ಸಂಖ್ಯೆ, ಕರು ಹಾಕಿದ ದಿನ, ಬೆದೆಯ ದಿನ, ಗರ್ಭಧಾರಣೆಯ ದಿನ, ಲಸಿಕೆಯ ದಿನ ಬರೆಯಿರಿ.

2. ತಿಂಗಳಿಗೊಂದು ದಿನ ಹಸುವಾರು ಹಾಲು ಅಳೆಯಿರಿ. ಅದೇ ದಿನ ಪಶು ಆಹಾರವನ್ನೂ ತೂಗಿ ನೋಡಿ.

3. ಹದಿನೈದು ದಿನದ ಚೀಟಿಗಳನ್ನು ಸೇರಿಸಿಟ್ಟು ಜಿಡ್ಡು ಮತ್ತು ಎಸ್.ಎನ್.ಎಫ್. ಏರಿಳಿತ ಗಮನಿಸಿ. ಇಳಿದರೆ ಮೊದಲು ಕೆಚ್ಚಲು ನೋಡಿ, ಆಮೇಲೆ ಗೋದಲಿ ನೋಡಿ.

4. ಖನಿಜ ಮಿಶ್ರಣ ತಪ್ಪಿಸಬೇಡಿ, ಮೇವು ಕತ್ತರಿಸದೆ ಹಾಕಬೇಡಿ, ಕುಡಿಯುವ ನೀರು ಸದಾ ಸಿಗುವಂತೆ ಇಡಿ.

5. ತಿಪ್ಪೆಗೆ ನೆರಳು ಮಾಡಿ, ಗಂಜಲ ಗುಂಡಿಗೆ ಸೇರುವಂತೆ ಕಾಲುವೆ ತೆಗೆಯಿರಿ. ಎರಡಕ್ಕಿಂತ ಹೆಚ್ಚು ಹಸು ಇದ್ದು ಜಾಗವೂ ನೀರೂ ಇದ್ದರೆ ಗೋಬರ್ ಅನಿಲದ ವಿಷಯವನ್ನು ವಿಸ್ತರಣಾಧಿಕಾರಿಯವರಲ್ಲಿ ವಿಚಾರಿಸಿ.

ಆರು ತಿಂಗಳು ಹೀಗೆ ಮಾಡಿದ ಮೇಲೆ ಹಿಂಡಿಯ ಮೂಟೆ ಎಷ್ಟು ದಿನ ಬಂತು, ಗೊಬ್ಬರದ ಅಂಗಡಿಗೆ ಎಷ್ಟು ಕೊಟ್ಟಿರಿ, ಯಾವ ಹಸುವನ್ನು ಉಳಿಸಿಕೊಳ್ಳಬೇಕು, ಯಾವುದರ ಕರುವನ್ನು ಬೆಳೆಸಬೇಕು ಎಂಬುದಕ್ಕೆ ಉತ್ತರ ನಿಮ್ಮ ಪುಸ್ತಕದಲ್ಲೇ ಸಿಗುತ್ತದೆ. ಹನಿಗೂಡಿದರೆ ಹಳ್ಳ ಎಂಬಂತೆ ಲೀಟರಿಗೆ ಉಳಿದ ಒಂದೊಂದು ರೂಪಾಯಿಯೇ ವರ್ಷದ ಕೊನೆಗೆ ಮಗಳ ಶಾಲೆಯ ಶುಲ್ಕವೋ ಹೊಸ ಕಡಸೋ ಆಗುತ್ತದೆ. ಸಂದೇಹಗಳಿದ್ದರೆ ನಿಮ್ಮ ಸಂಘದ ಕಾರ್ಯದರ್ಶಿ, ಪಶುವೈದ್ಯರು ಅಥವಾ ಒಕ್ಕೂಟದ ವಿಸ್ತರಣಾಧಿಕಾರಿಗಳನ್ನು ಸಂಪರ್ಕಿಸಬೇಕೆಂದು ಕೋರುತ್ತೇವೆ.